ಬಸರಿ ಮರದ ತನಕ

ಹತ್ತಿರ ಬಾ. ಇನ್ನೂ ಹತ್ತಿರ. ಬಾಗಿಲು ಮುಂದೆ ಮಾಡಿಯೇ ಬಾ. ಈಗ ಹೇಳುವುದು ನಿನ್ನ ಹೊಟ್ಟೆಯಲ್ಲೇ ಇರಬೇಕು. ಅಕ್ಕನಿಗೂ ಬೇಡ, ತಂಗಿಗೂ ಬೇಡ, ಗಂಡನಿಗಂತೂ ಬೇಡವೇ ಬೇಡ. ಗಂಡಸರ ಬಾಯಿಗೆ ಬಿದ್ದ ಮಾತು ಸಂಜೆಯೊಳಗೆ ಕಟ್ಟೆಯ ಮೇಲೆ ಕೂತಿರುತ್ತದೆ. ನಡುವೆ ಬಾಯಿಗೆ ಸೆರಗು ಅಡ್ಡ ಹಿಡಿದು ಅಯ್ಯೋ ಅನ್ನಬೇಡ. ಯಾವ ಊರು ಅಂತಲೂ ಕೇಳಬೇಡ. ಹೆಸರು ಹೇಳಿದ ಕೂಡಲೇ ಅಲ್ಲಿ ನಿನಗೊಬ್ಬರು ನೆಂಟರು ಹುಟ್ಟಿಕೊಳ್ಳುತ್ತಾರೆ.

ಆ ಊರಿನ ರೀತಿ ಮೊದಲು ತಿಳಿದುಕೋ. ಅಲ್ಲಿ ಸತ್ತವರು ತಾವಾಗಿ ಹೋಗುವುದಿಲ್ಲ. ದಾರಿ ಹೇಳಿ ಕಳಿಸಬೇಕು. ಬದುಕಿದ್ದಾಗ ಎಷ್ಟೇ ತಿಳಿದವರಾಗಿರಲಿ, ಉಸಿರಿನ ಜೊತೆ ಮೊದಲು ಹೊರಟುಹೋಗುವುದು ಆ ದಾರಿಯ ನೆನಪೇ. ಅದಕ್ಕೇ ಸತ್ತವರ ತಲೆದೆಸೆಯಲ್ಲಿ ಅವರ ಮಗನೋ ಮಗಳೋ ಕೂತು, ಮನೆಯ ಹೊಸ್ತಿಲಿನಿಂದ ಹೊಳೆಯ ಆಚೆ ದಡದ ತನಕ ಒಂದು ತಿರುವೂ ಬಿಡದೆ ಹೇಳಬೇಕು. ಹೊಸ್ತಿಲು ಬಂತಪ್ಪ, ಎಡಗಾಲು ಎತ್ತು. ಬಾವಿ ಬಂತಪ್ಪ, ಬಗ್ಗಿ ನೋಡಬೇಡ. ನಾಯಿ ಬಂತಪ್ಪ, ಹೆಸರು ಹಿಡಿದು ಕರೆಯಬೇಡ. ಹೀಗೆ. ಹೇಳಿದಷ್ಟು ದೂರ ಸತ್ತವರು ನಡೆಯುತ್ತಾರೆ, ಹೇಳುವುದು ನಿಂತಲ್ಲಿ ನಿಲ್ಲುತ್ತಾರೆ. ಪಕ್ಕದ ಮನೆಯವರ ದನಿ ಅವರ ಕಿವಿಗೆ ಬೀಳದು. ಇನ್ನೊಬ್ಬರು ಹಿಂದೆ ಕೂತು ಊದಿಕೊಟ್ಟು ಹೇಳಿಸಿದ್ದೂ ಬೀಳದು. ಹೆತ್ತ ಮಕ್ಕಳ ಬಾಯಿಂದಲೇ ಬರಬೇಕು, ಅದೂ ಅವರ ಹೊಟ್ಟೆಯೊಳಗೆ ಇಳಿದು ಕೂತಿದ್ದ ಮಾತೇ ಬರಬೇಕು. ಕೊನೆಯ ಮಾತಿಗೆ ಸತ್ತವನು ಆಚೆ ದಡಕ್ಕೆ ಕಾಲಿಡುತ್ತಾನೆ. ಆಗ ಈಚೆ ಮನೆಯಲ್ಲಿ ಹೆಂಡತಿಯ ಕೈಬಳೆ ತಾವಾಗಿ ಒಡೆದು ಬೀಳುತ್ತವೆ. ಅಲ್ಲಿಯ ತನಕ ಅವಳು ಬಳೆ ತೆಗೆಯುವ ಹಾಗಿಲ್ಲ. ಒಂದು ಸೀಳಿದರೆ ಇನ್ನೊಂದು ಏರಿಸಿಕೊಳ್ಳಬೇಕು.

ಆ ಊರಿನ ಶಾಲೆ ಕಟ್ಟಿದ್ದೇ ಈ ದಾರಿ ಕಲಿಸುವುದಕ್ಕೆ. ಮಿಕ್ಕ ಪಾಠವೆಲ್ಲ ಉಪ್ಪಿನಕಾಯಿ ಇದ್ದ ಹಾಗೆ. ಶಾಲೆಯ ನಡುವೆ ಒಂದು ಕೊಪ್ಪರಿಗೆ, ಅದರ ತುಂಬ ನೀರು, ನೀರಿನ ಮೇಲೆ ಒಂದು ದೊಡ್ಡ ತಾಮ್ರದ ಬಟ್ಟಲು. ಬಟ್ಟಲಿನ ತಳದಲ್ಲಿ ಕೂದಲೆಳೆಯಷ್ಟು ತೂತು. ಬಟ್ಟಲು ತೇಲಿಬಿಟ್ಟ ಮೇಲೆ ಮೇಷ್ಟ್ರು ಬಾಯಿ ತೆರೆಯಬೇಕು, ಬಟ್ಟಲು ಮುಳುಗಿದ ಕೂಡಲೇ ಬಾಯಿ ಮುಚ್ಚಬೇಕು. ಕಲಿಸುವ ಮಾತು ಬಟ್ಟಲಿಗಿಂತ ಮುಂದೆ ಹೋಗಕೂಡದು, ಇದು ಅಲ್ಲಿಯ ಕಟ್ಟಳೆ. ಯಾರು ಮಾಡಿದರೋ, ಯಾಕೆ ಮಾಡಿದರೋ, ಕೇಳಿದವರಿಲ್ಲ. ಆ ದೊಡ್ಡ ಬಟ್ಟಲು ಮುಳುಗುವಷ್ಟರಲ್ಲಿ ಗೋಡೆಯ ಬುಡದ ಬಿಸಿಲು ಮಾಡಿನ ಅಂಚಿಗೆ ಹತ್ತುತ್ತಿತ್ತು. ಮಕ್ಕಳು ತೂಕಡಿಸುತ್ತಿದ್ದವು, ಕಾಲು ಜೋಮು ಹಿಡಿಯುತ್ತಿತ್ತು, ಬೆತ್ತದ ಏಟು ಬೀಳುತ್ತಿತ್ತು, ಅಳುತ್ತಿದ್ದವು. ಅಳುತ್ತ ಅಳುತ್ತಲೇ ದಾರಿ ಹೊಟ್ಟೆಗೆ ಇಳಿಯುತ್ತಿತ್ತು.

ಆಮೇಲೆ ಬಂದ ನೋಡು, ಬಟ್ಟಲಿನವನು.

ಎಲ್ಲಿಂದ ಬಂದ ಅಂತ ಯಾರಿಗೂ ಗೊತ್ತಿಲ್ಲ. ಜೋಳಿಗೆಯ ತುಂಬ ಪುಟ್ಟ ಪುಟ್ಟ ಬಟ್ಟಲು, ಅಡಿಕೆ ಹೋಳಿನಷ್ಟು. ಕಾಸು ಕೇಳಲಿಲ್ಲ, ಕಾಳು ಕೇಳಲಿಲ್ಲ, ಮಕ್ಕಳ ಕೈಗೆ ಒಂದೊಂದು ಕೊಟ್ಟ. ಎಡ ಅಂಗೈಯಲ್ಲಿ ಗುಟುಕು ನೀರು ತುಂಬಿಕೊಂಡು ಅದರ ಮೇಲೆ ಬಟ್ಟಲು ತೇಲಿಬಿಟ್ಟರೆ, ಬಟ್ಟಲಿನ ತಳದಲ್ಲಿ ಕಾಳಿನಷ್ಟು ಒಬ್ಬ ಮನುಷ್ಯ ಮಿಣಮಿಣ ಎದ್ದು ನಿಂತು ಏನೋ ಒಂದು ಕಲಿಸುತ್ತಿದ್ದ. ಕಣ್ಣು ಮಿಟುಕಿಸುವಷ್ಟರಲ್ಲಿ ಬಟ್ಟಲು ಮುಳುಗುತ್ತಿತ್ತು. ಮುಳುಗಿದ್ದು ತಾನಾಗಿ ಮೇಲೇಳುತ್ತಿತ್ತು, ಅದರಲ್ಲಿ ಇನ್ನೊಬ್ಬ ಮನುಷ್ಯ, ಇನ್ನೊಂದು ಪಾಠ. ಮುಳುಗುವುದು, ಏಳುವುದು. ಮುಳುಗುವುದು, ಏಳುವುದು. ಅಂಗೈಯ ನೀರು ಮಾತ್ರ ಆರುತ್ತಲೇ ಇರಲಿಲ್ಲ.

ಸುಳ್ಳು ಯಾಕೆ ಹೇಳಲಿ, ಮಕ್ಕಳು ಚುರುಕಾದವು. ಅಳು ನಿಂತಿತು. ಬೆತ್ತಕ್ಕೆ ಗೆದ್ದಲು ಹಿಡಿಯಿತು. ನಕ್ಷತ್ರದ ಹೆಸರು ಹೇಳುವುವು, ಕಸಿ ಕಟ್ಟುವುದು ಹೇಗೆ ಅಂತ ಹೇಳುವುವು, ಕೇಳಿರದ ದೇಶದ ರಾಜ ಏನು ತಿಂದು ಸತ್ತ ಅಂತ ಹೇಳುವುವು. ಹೆತ್ತವರಿಗೆ ನೆಲವೇ ಕಾಣದು. ಎಲ್ಲರಿಗಿಂತ ಹೆಚ್ಚು ಬೀಗಿದವಳು ಈ ಬಳೆಗಾರತಿ.

ಅವಳು ಬೇರೆ ಊರಿನಿಂದ ಮದುವೆಯಾಗಿ ಬಂದವಳು. ಆ ದಾರಿಯ ಒಂದು ತಿರುವೂ ಅವಳಿಗೆ ಬಾರದು. ಗಂಡ ಬಳೆಗಾರ ದೊಡ್ಡ ಬಟ್ಟಲಿನ ಕಾಲದವನು. ತನ್ನ ಅಪ್ಪನಿಗೆ, ಅವ್ವನಿಗೆ ತಾನೇ ಕೂತು ಹೇಳಿ ದಾಟಿಸಿದ್ದವನು. ಇದ್ದವಳು ಒಬ್ಬಳೇ ಮಗಳು, ಹೂವಿನಂಥ ಹುಡುಗಿ, ಶಾಲೆಗೆಲ್ಲ ಅವಳದೇ ಮೊದಲ ಕೈ. ಯಾರ ಕೈಗೆ ಬಳೆ ತೊಡಿಸುತ್ತಿದ್ದರೂ ಬಳೆಗಾರತಿಯ ಬಾಯಲ್ಲಿ ಮಗಳ ಮಾತೇ. ಚಾವಡಿಯಲ್ಲಿ ಹಿರಿಯರೆಲ್ಲ ಕೂತಿದ್ದಾಗ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತು, ಆ ಹಳೇ ಕೊಪ್ಪರಿಗೆಯ ಮುಂದೆ ನಮ್ಮ ಮಕ್ಕಳನ್ನ ಇನ್ನೂ ಯಾಕೆ ಒಣಗಿಸುತ್ತೀರಿ, ಚಿಕ್ಕ ಬಟ್ಟಲೂ ಬಟ್ಟಲೇ ಅಲ್ಲವಾ, ಕಟ್ಟಳೆ ಎಲ್ಲಿ ಮುರಿಯಿತು ಅಂತ ಕೇಳಿದವಳೂ ಅವಳೇ. ಹಿರಿಯರು ಮುಖ ಮುಖ ನೋಡಿಕೊಂಡರು. ಅವಳು ಹೇಳಿದ್ದರಲ್ಲಿ ತಪ್ಪು ಕಾಣಲಿಲ್ಲ. ದೊಡ್ಡ ಬಟ್ಟಲು ಹಿತ್ತಲು ಸೇರಿತು.

ಮೇಷ್ಟ್ರು ಏನು ಮಾಡಬೇಕು ಹೇಳು. ಒಂದು ಮಾತು ಶುರು ಮಾಡುವಷ್ಟರಲ್ಲಿ ಮಕ್ಕಳ ಅಂಗೈಯಲ್ಲಿ ಬಟ್ಟಲು ಮುಳುಗುತ್ತಿತ್ತು; ಕಟ್ಟಳೆ ಅಂದರೆ ಕಟ್ಟಳೆ, ಬಾಯಿ ಮುಚ್ಚಬೇಕು. ಮೊದಮೊದಲು ಅತ್ತರಂತೆ. ಆಮೇಲೆ ಕಲಿತುಕೊಂಡರು. ಚಪ್ಪಾಳೆ ಹೊಡೆದು ಶುರು ಮಾಡುವರು, ಕಣ್ಣು ಹೊರಳಿಸುವರು, ಹೊತ್ತಿಗೊಂದು ರುಮಾಲು ಬದಲಾಯಿಸಿ ಹತ್ತು ಜನ ಮೇಷ್ಟ್ರ ಹಾಗೆ ಕುಣಿಯುವರು. ದಾರಿಯ ಪಾಠವನ್ನೂ ಗುಟುಕು ಮಾಡಿದರು. ಹೊಸ್ತಿಲು, ಬಾವಿ, ನಾಯಿ, ಊರಾಚೆಯ ಬಸರಿ ಮರ, ಇಷ್ಟು ಮಕ್ಕಳಿಗೆ ಹಿಡಿಸಿತು. ಕೊನೆಯ ಹೊಳೆಯ ಪಾಠವೂ ಹಿಡಿಸಿತು, ಅದರಲ್ಲಿ ನೀರಿದೆ, ಮೀನಿದೆ, ಪಂಚೆ ಎತ್ತುವುದಿದೆ. ನಡುವಿನದು ಬಯಲು. ಬಸರಿ ಮರದ ನೆರಳು ದಾಟಿದರೆ ಹೊಳೆ ಸಿಗುವ ತನಕ ಬರೀ ಬಯಲು. ಗಿಡವಿಲ್ಲ, ಕಲ್ಲಿಲ್ಲ, ಗುರುತಿಲ್ಲ. ಆ ಪಾಠದಲ್ಲಿ ನಗುವುದಕ್ಕೆ ಏನೂ ಇಲ್ಲ. ನಡಿಯಪ್ಪ, ಗಾಳಿ ಎಡಗೆನ್ನೆಗಿದೆ. ನಡಿಯಪ್ಪ, ಗಾಳಿ ನಿಂತಿದೆ. ನಡಿಯಪ್ಪ, ನೆರಳು ಮುಂದಿದೆ. ನಡಿಯಪ್ಪ, ನೆರಳು ಕಾಲಡಿಗಿದೆ. ಹೀಗೇ ಸಾಗುತ್ತದೆ, ಸಾಗುತ್ತದೆ, ಸಾಗುತ್ತದೆ. ಅದನ್ನು ಯಾವ ಪುಟ್ಟ ಬಟ್ಟಲಿಗೆ ತುಂಬುತ್ತೀ. ಮೇಷ್ಟ್ರು ಕೈಬಿಟ್ಟರು.

ಸಂಜೆ ಮನೆಯಲ್ಲಿ ಬಳೆಗಾರ ಮಗಳನ್ನು ಕರೆದು ಮುಂದೆ ಕೂರಿಸಿಕೊಳ್ಳುವನು. ಬಯಲು ಒಂದು ಕಲಿತುಕೋ ಮಗಾ, ಅನ್ನುವನು. ಹುಡುಗಿ ಒಲ್ಲೆ ಅನ್ನಳು, ಕೂರುವಳು, ಕಣ್ಣು ಮಾತ್ರ ಅಂಗೈಗೆ ಜಾರುವುದು. ಒಳಗಿನಿಂದ ಬಳೆಗಾರತಿ, ಬಿಡಿ ಅವಳನ್ನ, ಬಟ್ಟಲು ತೇಲುತ್ತಾ ಇದೆ ಕಾಣಲ್ಲವಾ, ನೀವು ಆ ಮುದಿ ಪಾಠ ಊದಿ ಮಗುವಿನ ತಲೆ ಕೆಡಿಸಬೇಡಿ ಅನ್ನುವಳು. ಅವನು ಬಾಯಿ ಮುಚ್ಚುವನು.

ಈಗ ಬಳೆಯ ವಿಷಯಕ್ಕೆ ಬಾ. ಇದೇ ಸ್ವಾರಸ್ಯ.

ಆ ಕಾಲದಲ್ಲಿ ಬಳೆಗಾರತಿಗೆ ಒಂದು ಸೋಜಿಗ ಕಣ್ಣಿಗೆ ಬಿತ್ತು. ಗಂಡ ಸತ್ತವರು ಹಿತ್ತಲ ಬಾಗಿಲಿಗೆ ಬಂದು ಬಳೆ ಕೊಳ್ಳುತ್ತಿದ್ದರು. ಒಬ್ಬರಲ್ಲ, ಇಬ್ಬರಲ್ಲ. ಸೆರಗಿನಡಿ ಕೈ ಚಾಚಿ ಎರಡೇ ಎರಡು ಕೊಡೇ, ಹಸಿರಾದರೆ ಹಸಿರು ಅನ್ನುವರು, ಹಾಕಿಸಿಕೊಂಡು ಕೈ ಮುಚ್ಚಿಕೊಂಡು ಓಡುವರು. ಪಕ್ಕದ ಮನೆಯ ಗಾಣಗಿತ್ತಿ ಕೂಡ ಬಂದಳು. ಗಾಣಗಿತ್ತಿ ಅದೇ ಊರಿನಲ್ಲಿ ಹುಟ್ಟಿ ಅದೇ ಊರಿಗೆ ಕೊಟ್ಟವಳು, ಸೊಂಟ ಗಟ್ಟಿ, ಬಾಯಿ ಇನ್ನೂ ಗಟ್ಟಿ. ಗಂಡ ಸತ್ತು ಎಷ್ಟೋ ದಿನವಾಗಿತ್ತು. ಅವನನ್ನು ದಾಟಿಸಿಯಾಯಿತು ಅಂತ ಮಗ ಊರಿಗೆಲ್ಲ ಹೇಳಿದ್ದ. ದಾಟಿಸಿದ ಮೇಲೆ ಬಳೆ ಯಾಕೆ. ಅದರ ಮೇಲೆ ಮಟಮಟ ಮಧ್ಯಾಹ್ನ ಮುಚ್ಚಿದ ತಟ್ಟೆ ಹಿಡಿದುಕೊಂಡು ಊರಾಚೆಗೆ ಹೋಗುತ್ತಾಳೆ, ಬರಿ ತಟ್ಟೆ ಹಿಡಿದು ಬರುತ್ತಾಳೆ. ಬಳೆಗಾರತಿಗೆ ಇಷ್ಟು ಸಾಲದಾ. ಮನೆಮನೆಗೆ ಹೋಗುವ ಕಸುಬು, ಒಂದೊಂದು ಕೈಗೆ ಒಂದೊಂದು ಡಜನ್ ಬಳೆ, ಒಂದೊಂದು ಕಿವಿಗೆ ಒಂದೊಂದು ಮಾತು. ಗಾಣಗಿತ್ತಿಗೆ ಬಸರಿ ಮರದ ಹತ್ತಿರ ಒಬ್ಬನಿದ್ದಾನಂತೆ, ಉಣ್ಣಿಸಿ ಬರುತ್ತಾಳಂತೆ, ಅವನಿಗೋಸ್ಕರ ಬಳೆಯಂತೆ. ಬಾವಿಕಟ್ಟೆಯ ಹೆಂಗಸರು ಗಾಣಗಿತ್ತಿ ಬಂದರೆ ಕೊಡ ಸರಿಸಿಕೊಳ್ಳುವ ತನಕ ಹೋಯಿತು. ಗಾಣಗಿತ್ತಿ ಅವರಿಗೆಲ್ಲ ಎಣ್ಣೆ ಅಳೆದುಕೊಡುತ್ತಲೇ ಇದ್ದಳು.

ಅಷ್ಟರಲ್ಲಿ ಬಳೆಗಾರ ಸತ್ತ.

ಬೆಳಿಗ್ಗೆ ಬಳೆ ಪೋಣಿಸಿ ಮಲಾರ ಕಟ್ಟುತ್ತಿದ್ದವನು ದಾರ ಬಾಯಲ್ಲಿ ಕಚ್ಚಿಕೊಂಡಿದ್ದ ಹಾಗೇ ಒರಗಿದ. ಚಾಪೆಯ ಮೇಲೆ ಮಲಗಿಸಿದರು. ಊರು ಸೇರಿತು. ಮಗಳು ತಲೆದೆಸೆಯಲ್ಲಿ ಕೂತಳು. ಬಳೆಗಾರತಿ ಎದೆ ಬಡಿದುಕೊಂಡು ಅಳುತ್ತಿದ್ದರೂ ಒಳಗೆ ಒಂದು ಧೈರ್ಯ: ತನ್ನ ಮಗಳಂತೆ ಹೇಳುವವರು ಯಾರಿದ್ದಾರೆ.

ಹುಡುಗಿ ಶುರು ಮಾಡಿದಳು. ಎಂಥ ದನಿ ಅಂತೀಯ. ಹೊಸ್ತಿಲು ಬಂತಪ್ಪ ಅಂದರೆ ಕೂತವರೆಲ್ಲ ಕಾಲು ಎಳೆದುಕೊಂಡರು. ಬಾವಿ ಬಂತಪ್ಪ ಅಂದರೆ ಒಳಗೆ ತಣ್ಣಗಾಯಿತು. ನಾಯಿ ಬಂತಪ್ಪ ಅಂದಳು. ಬಸರಿ ಮರ ಬಂತಪ್ಪ, ಅಂದಳು. ಆಮೇಲೆ ಅವಳ ಎಡ ಅಂಗೈ ತಾನಾಗಿ ಬೊಗಸೆಯಾಯಿತು. ಕಣ್ಣು ಅಲ್ಲಿಗೆ ಇಳಿಯಿತು. ಸುಮ್ಮನಾದಳು. ಆಮೇಲೆ ನಗು ಮುಖ ಮಾಡಿ, ಹೊಳೆ ಬಂತಪ್ಪ, ಪಂಚೆ ಎತ್ತಿಕೋ, ನೀರು ತಣ್ಣಗಿದೆ, ಹೆದರಬೇಡ ಅಂದು ಕೊನೆಯ ತನಕ ಹೇಳಿ ಮುಗಿಸಿದಳು. ಹೆಂಗಸರು ಕಣ್ಣೊರೆಸಿಕೊಂಡರು. ಚೆನ್ನಾಗಿ ಹೇಳಿದಳು ಕಣವ್ವ ಅಂತ ಬಳೆಗಾರತಿಯ ಬೆನ್ನು ಸವರಿದರು. ಮೇಷ್ಟ್ರು ನೆಲ ನೋಡುತ್ತ ಮೊದಲು ಎದ್ದು ಹೋದರು.

ಬಳೆಗಾರತಿ ಕೈ ನೋಡಿಕೊಂಡಳು. ಬಳೆ ಹಾಗೇ ಇದ್ದವು.

ಒಂದೂ ಬಿರುಕು ಬಿಟ್ಟಿರಲಿಲ್ಲ. ಯಾರೂ ನೋಡದ ಹಾಗೆ ಸೆರಗು ಎಳೆದುಕೊಂಡಳು. ಯಾರೋ ಕೇಳಿದ್ದಕ್ಕೆ ಒಡೆದವು, ಒಳಗೆ ಗುಡಿಸಿಟ್ಟಿದ್ದೇನೆ ಅಂದಳು. ಹೀಗೆ ಅಂದಾಗ ಎದುರಿಗೆ ಕೂತಿದ್ದ ವಿಧವೆಯರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಎಲ್ಲರೂ ತಮ್ಮ ತಮ್ಮ ಸೆರಗು ಸರಿಮಾಡಿಕೊಂಡರು.

ಮಣ್ಣು ಮುಗಿದ ಮಾರನೆಯ ಮಧ್ಯಾಹ್ನ ಅವಳು ಮುದ್ದೆ, ಸಾರು ತಟ್ಟೆಗೆ ಹಾಕಿ ಮೇಲೆ ಎಲೆ ಮುಚ್ಚಿಕೊಂಡು ಊರಾಚೆಗೆ ಹೊರಟಳು. ಯಾಕೆ ಹೊರಟಳೋ ಅವಳಿಗೂ ಗೊತ್ತಿಲ್ಲ, ಬಳೆಯೇ ಕೈ ಹಿಡಿದು ಎಳೆದುಕೊಂಡು ಹೋದ ಹಾಗೆ. ಬಸರಿ ಮರದ ಬುಡದಲ್ಲಿ, ದಪ್ಪ ಬೇರಿನ ಮೇಲೆ ಬಳೆಗಾರ ಕೂತಿದ್ದ. ಪಂಚೆಯನ್ನು ಮೊಣಕಾಲಿನ ತನಕ ಎತ್ತಿ ಹಿಡಿದುಕೊಂಡಿದ್ದ. ಒಣ ನೆಲದಲ್ಲಿ ಕಾಲು ತೊಯ್ಯದ ಹಾಗೆ ಬೆರಳ ತುದಿಯಲ್ಲಿ ಊರಿಕೊಂಡು, ನೀರು ಎಲ್ಲಿದೆ ಕಣೆ, ಮಗು ನೀರು ಅಂದಳಲ್ಲಾ ಅಂತ ಕೇಳಿದ.

ಅವಳು ಅಲ್ಲೇ ಅವನ ಮುಂದೆ ಕೂತಳು. ಉಣ್ಣಿಸಿದಳು. ಎತ್ತಿದ ಪಂಚೆಯನ್ನು ಇಳಿಸಿ ಸರಿಮಾಡಿದಳು.

ತಟ್ಟೆ ಎತ್ತಿಕೊಂಡು ತಿರುಗಿದರೆ ಎದುರಿಗೆ ಗಾಣಗಿತ್ತಿ, ಕೈಯಲ್ಲಿ ಮುಚ್ಚಿದ ತಟ್ಟೆ. ಇವಳು ಸೌದೆ ಆರಿಸಲು ಬಂದೆ ಅಂದಳು. ಗಾಣಗಿತ್ತಿ ತಟ್ಟೆಯಲ್ಲಿ ಆರಿಸಿದ ಸೌದೆ ಯಾವುದು ತೋರಿಸು ಅಂದಳು. ಆಮೇಲೆ ಇವಳನ್ನು ದಾಟಿ ಹೋಗಿ, ಯಾರೂ ಕಾಣದ ಜಾಗದಲ್ಲಿ ಕೂತು ತುತ್ತು ಕಲಸಿ ಗಾಳಿಗೆ ಚಾಚಿದಳು. ತುತ್ತು ಮಾಯವಾಯಿತು.

ನಿಜ ಸಂಗತಿ ಇಷ್ಟೇ ನೋಡು. ಆ ಮರದ ಕೆಳಗೆ ಅವರವರ ಸತ್ತವರು ಅವರವರಿಗೆ ಮಾತ್ರ ಕಾಣುತ್ತಿದ್ದರು. ಅದಕ್ಕೇ ತಮ್ಮ ಮನೆಯವರು ಒಬ್ಬರೇ ನಿಂತುಹೋದರು ಅಂತ ಪ್ರತಿ ಮನೆಯವರೂ ತಿಳಿದುಕೊಂಡು, ಮಾನಕ್ಕೆ ಅಂಜಿ ಬಾಯಿ ಬಿಟ್ಟಿರಲಿಲ್ಲ. ಪುಟ್ಟ ಬಟ್ಟಲು ಬಂದ ಮೇಲೆ ಸತ್ತವರೆಲ್ಲ ಅಲ್ಲೇ ಇದ್ದರು. ದೊಡ್ಡ ಮನೆಯ ಯಜಮಾನ ಅಲ್ಲಿದ್ದ, ಅವನ ಆಳೂ ಅಲ್ಲಿದ್ದ. ಅತ್ತೆ ಸೊಸೆ ಜಗಳವಾಡಿ ಸತ್ತವರು ಒಂದೇ ಬೇರಿನ ಮೇಲೆ ಕೂತಿದ್ದರು. ಕೇಳು, ಮೇಷ್ಟ್ರ ಸ್ವಂತ ತಾಯಿ ಅಲ್ಲಿದ್ದಳು. ಆಯಮ್ಮ ಸತ್ತಾಗ ಮೇಷ್ಟ್ರು ತಲೆದೆಸೆಯಲ್ಲಿ ಕೂತು ಬಯಲಿಗೆ ಬಂದವರು ಚಪ್ಪಾಳೆ ಹೊಡೆದುಬಿಟ್ಟರಂತೆ. ಗುಟುಕು ಕಲಿಸಿ ಕಲಿಸಿ ನಡುವಿನದು ಅವರ ಹೊಟ್ಟೆಯಿಂದಲೂ ಹೋಗಿತ್ತು.

ಗಾಣಗಿತ್ತಿ ಅಂದು ಇಷ್ಟನ್ನೂ ಬಿಡಿಸಿ ಹೇಳಿದಳು. ಸತ್ತವರಿಗೆ ಸತ್ತವರು ಕಾಣುತ್ತಾರೆ, ನನ್ನವನು ನಿನ್ನವನ ಪಕ್ಕದಲ್ಲೇ ಕೂತಿದ್ದಾನೆ, ಎಲೆಯಡಿಕೆ ಕೇಳುತ್ತಿದ್ದಾನೆ ಅಂದಳು. ಬಳೆಗಾರತಿಗೆ ತಲೆ ಎತ್ತಲಾಗಲಿಲ್ಲ. ಊರೆಲ್ಲ ಹಬ್ಬಿಸಿದ ಮಾತಿಗೆ ಕ್ಷಮಿಸಕ್ಕಾ ಅನ್ನಲು ಬಾಯಿ ತೆರೆದಳು. ಗಾಣಗಿತ್ತಿ ಕೈ ಅಡ್ಡ ಹಿಡಿದಳು.

"ಅದಿರಲಿ. ನಿನ್ನವನಿಗೆ ನಿನ್ನ ಹೆಸರು ಇನ್ನೂ ನೆನಪಿದೆಯಾ?"

"ಇದೆಯಕ್ಕಾ."

"ಬಹಳ ದಿನ ಇರಲ್ಲ. ಇಲ್ಲಿ ಕೂತವರಿಗೆ ಮೊದಲು ಹೋಗೋದು ಹೆಂಡತಿ ಹೆಸರು. ಆಮೇಲೆ ಮುಖ. ನನ್ನವನು ನನ್ನನ್ನೇ ನೋಡಿ, ಯಾರ ಮನೆ ತಾಯಿ ನೀನು, ಪುಣ್ಯಾತ್ಗಿತ್ತಿ, ದಿನಾ ಅನ್ನ ಹಾಕ್ತೀಯ ಅಂತಾನೆ. ಎಲ್ಲಾ ಮರೆತ ಮೇಲೆ ತೊಗಟೆ ಆಗ್ತಾರೆ. ಮರ ಹೇಗೆ ದಪ್ಪ ಆಗಿದೆ ನೋಡು."

ಬಳೆಗಾರತಿ ಮರ ನೋಡಿದಳು. ಮದುವೆಯಾಗಿ ಬಂದಾಗ ತಬ್ಬಿದರೆ ಕೈಗೆ ಸಿಗುತ್ತಿದ್ದ ಮರ. ಈಗ ಅದರ ಹಿಂದೆ ಒಂದು ಗಾಡಿ ನಿಲ್ಲಿಸಿದರೂ ಕಾಣದು.

ಅಲ್ಲೇ ಗಾಣಗಿತ್ತಿಯ ಕಾಲು ಹಿಡಿದಳು. ನೀವು ದೊಡ್ಡ ಬಟ್ಟಲಿನ ಕಾಲದವರು, ನಿಮಗೆ ದಾರಿ ಪೂರ್ತಿ ಬರುತ್ತದೆ, ನನ್ನ ಮಗಳಿಗೆ ಬಯಲು ಕಲಿಸಿಕೊಡಿ ಅಂದಳು. ಗಾಣಗಿತ್ತಿಗೆ ಅವಳ ಮೇಲೆ ಪ್ರೀತಿಯೇನೂ ಇರಲಿಲ್ಲ. ತನ್ನ ಮಗನಿಗೆ ಕಲಿಸಲು ಹೋಗಿ ಸೋತವಳು. ಅವನು ಪಾಠದ ನಡುವೆ ಎದ್ದು ಹೋದವನು ಬಟ್ಟಲಿನವನ ಜೋಳಿಗೆ ಹೊರಲು ಸೇರಿಕೊಂಡಿದ್ದ. ಒಂದು ಮಗುವಾದರೂ ಕಲಿತರೆ ಮಿಕ್ಕವಕ್ಕೂ ದಾರಿಯಾದೀತು ಅಂತ ಒಪ್ಪಿಕೊಂಡಳು.

ಒಪ್ಪಿಕೊಂಡ ಮೇಲೂ ಬಳೆಗಾರತಿಯ ಬುದ್ಧಿ ನೋಡು. ಅಕ್ಕಾ, ಬಯಲನ್ನ ಸಣ್ಣ ಸಣ್ಣದು ಮಾಡಿ ಬಟ್ಟಲಿಗೆ ಹಾಕಿಕೊಡಿ, ಮಗು ಗಟಗಟ ಕುಡಿದುಬಿಡುತ್ತಾಳೆ ಅಂದಳು. ಗಾಣಗಿತ್ತಿ ಹಾಗೇ ಮಾಡಿದಳು. ಗಾಳಿ ಎಡಗೆನ್ನೆಗೆ ಒಂದು ಗುಟುಕು, ನೆರಳು ಕಾಲಡಿಗೆ ಒಂದು ಗುಟುಕು. ಹುಡುಗಿ ಒಂದೊಂದನ್ನೂ ಮುತ್ತಿನ ಹಾಗೆ ಒಪ್ಪಿಸಿದಳು. ಯಾವುದರ ಹಿಂದೆ ಯಾವುದು ಅಂತ ಮಾತ್ರ ಗೊತ್ತಿಲ್ಲ. ಅವಳು ಮನೆಯಲ್ಲಿ ಹೇಳುತ್ತಿದ್ದರೆ ಮರದ ಕೆಳಗೆ ಬಳೆಗಾರ ಎದ್ದು ಎಡಕ್ಕೆ ಹೋಗುವನು, ಬಲಕ್ಕೆ ಬರುವನು, ನೆರಳಿನ ಅಂಚಿನಲ್ಲಿದ್ದ ಹುತ್ತದ ಸುತ್ತ ಗಾಣದ ಎತ್ತಿನ ಹಾಗೆ ಸುತ್ತುವನು. ತಲೆ ಸುತ್ತಿ ಬಂದು ಬೇರಿನ ಮೇಲೆ ಕೂತು, ಮಗು ಯಾಕೆ ನನ್ನ ಆಟ ಆಡಿಸ್ತಾಳೆ ಅಂತ ಹೆಂಡತಿಯನ್ನು ಕೇಳುವನು.

ಆಗ ಗಾಣಗಿತ್ತಿ ತನ್ನ ಹಿತ್ತಲಿನಿಂದ ದೊಡ್ಡ ಬಟ್ಟಲು ತಂದಳು. ಊರು ಬಿಸಾಡಿದಾಗ ಅವಳೇ ಎತ್ತಿಕೊಂಡು ಹೋಗಿ, ತೂತಿಗೆ ಮೇಣ ಮೆತ್ತಿ ಎತ್ತಿಗೆ ಹಿಂಡಿ ನೆನೆಸುತ್ತಿದ್ದಳು. ಹಿಂಡಿ ಕೆರೆದು, ಮೇಣ ಕೆರೆದು, ಹಂಡೆಯ ನೀರಿನ ಮೇಲೆ ತೇಲಿಬಿಟ್ಟಳು. ಹುಡುಗಿಯ ಪುಟ್ಟ ಬಟ್ಟಲನ್ನು ಬಳೆಗಾರತಿ ಕಿತ್ತು ಅಟ್ಟದ ಮೇಲೆ ಎಸೆದಳು. ಗಾಣಗಿತ್ತಿ ಒಂದೇ ಮಾತು ಕಟ್ಟಪ್ಪಣೆ ಮಾಡಿದಳು: ಮರದ ನೆರಳು ದಾಟಿದವನು ಹಿಂದಕ್ಕೆ ಬರುವುದಿಲ್ಲ, ಬದುಕಿದ್ದವರು ಆ ನೆರಳಿನಾಚೆ ಹೋಗುವಂತಿಲ್ಲ, ಪೂರ್ತಿ ಕಲಿಯುವ ತನಕ ಇವಳ ಬಾಯಿ ಬಿಡಿಸಬೇಡ.

ಹುಡುಗಿ ಕೂತಳು. ಅದು ಕೂರುವುದಾ, ಮೊರದಲ್ಲಿ ಹಾಕಿದ ಮೀನು. ಖಾಲಿ ಅಂಗೈ ತುರಿಸಿ ತುರಿಸಿ ಹುಣ್ಣು ಮಾಡಿಕೊಂಡಳು. ಮೂಲೆಯಲ್ಲಿ ಹಲ್ಲಿ ಲೊಚಗುಟ್ಟಿದರೆ ಅತ್ತ ತಿರುಗುವಳು, ತಿರುಗಿದ್ದು ಗೊತ್ತಾಗಿ ಅಳುವಳು. ತಾಯಿ ಬೈದಳು, ಹೊಡೆದಳು, ಆಮೇಲೆ ತಬ್ಬಿಕೊಂಡಳು.

"ಅವ್ವ, ನಾನು ಬೇಕಂತ ಮಾಡ್ತಿಲ್ಲ. ಬಟ್ಟಲು ಕಿತ್ತುಕೊಂಡೆಯಲ್ಲ, ಈಗ ನನ್ನೊಳಗೇ ಒಂದು ಮುಳುಗ್ತದೆ. ನಾನು ಮುಳುಗಿಸ್ತಿಲ್ಲ ಅವ್ವ, ಅದೇ ಮುಳುಗ್ತದೆ."

ಅಪ್ಪನ ಮೇಲೆ ಪ್ರಾಣ ಇಟ್ಟುಕೊಂಡಿದ್ದ ಹುಡುಗಿ, ನಿನಗೆ ಹೇಗೆ ಹೇಳಲಿ. ಅದಕ್ಕೇ ಎದ್ದು ಓಡಲಿಲ್ಲ. ದಿನಾ ಬಂದು ಕೂತಳು. ಒಂದು ಗಾಳಿ ಕಲಿತಳು. ಒಂದು ನೆರಳು ಕಲಿತಳು. ಗಾಳಿಯ ಹಿಂದೆ ನೆರಳು, ನೆರಳಿನ ಹಿಂದೆ ಗಾಳಿ, ಜೋಡಿಸಿಕೊಂಡು ಬಯಲಿನೊಳಗೆ ಹೆಜ್ಜೆ ಹೆಜ್ಜೆ ಹೋದಳು. ಅರ್ಧ ಬಂದಿದ್ದಳು. ಗಾಣಗಿತ್ತಿಯ ಮುಖದಲ್ಲಿ ಕೂಡ ಎಲ್ಲೋ ಒಂದಿಷ್ಟು ಬೆಳಕು.

ಆ ಮಧ್ಯಾಹ್ನ ಬಳೆಗಾರತಿ ಊಟ ತೆಗೆದುಕೊಂಡು ಹೋದಾಗ ಬಳೆಗಾರ ಅವಳನ್ನು ನೋಡಿ ಬಾಯಿ ತೆರೆದ. ಹೆಸರು ಹಿಡಿದು ಕರೆಯುವವನು, ನಡುವೆ ನಿಲ್ಲಿಸಿದ. ಹುಡುಕಿದ. ತುಟಿ ಆಡಿಸಿದ. ಬಹಳ ಹೊತ್ತಿನ ಮೇಲೆ ಸಿಕ್ಕಿತು, ಕರೆದ, ನಕ್ಕ. ಅವನ ಬೆನ್ನು ತೊಗಟೆಗೆ ಆನಿಕೊಂಡಿತ್ತು. ಅವಳು ಬಿಡಿಸಲು ಹೋದರೆ ಅಂಗಿಯ ನೂಲು ಮರಕ್ಕೆ ಅಂಟಿಕೊಂಡು ಬಂತು.

ಅವಳು ಓಡಿದಳು. ಗಾಣಗಿತ್ತಿ ಎಣ್ಣೆ ಮಾರಲು ಹೋಗಿದ್ದಳು. ಮಗಳನ್ನು ಎಳೆದು ತಂದು ಅಪ್ಪನ ತಲೆಯಿದ್ದ ಜಾಗದಲ್ಲಿ ಕೂರಿಸಿದಳು. ಹೇಳು ಅಂದಳು. ಹುಡುಗಿ ಇನ್ನೂ ಬಂದಿಲ್ಲ ಅವ್ವ, ಅರ್ಧವೇ ಬಂದಿರೋದು ಅಂದಳು. ನೀನು ಶುರು ಮಾಡೇ, ಮಿಕ್ಕಿದ್ದು ಬಾಯಿಗೆ ಬರುತ್ತೆ, ನಿನಗೆ ಯಾವುದು ಬಂದಿಲ್ಲ ಇಷ್ಟು ದಿನ, ಅಂದಳು ತಾಯಿ. ಅಂದವಳು ಮರದ ಹತ್ತಿರ ವಾಪಸು ಓಡಿದಳು, ಕಣ್ಣಾರೆ ನೋಡಬೇಕಲ್ಲ.

ಬಳೆಗಾರ ಎದ್ದ. ಬೆನ್ನು ತೊಗಟೆಯಿಂದ ಚರ್ರನೆ ಬಿಟ್ಟುಬಂತು. ಮಗು ಕರೀತಾಳೆ, ಬರ್ತೀನಿ ಅಂದ. ಹುತ್ತವನ್ನು ಬಲಕ್ಕೆ ಬಿಟ್ಟ. ನೆರಳಿನ ಅಂಚಿಗೆ ಬಂದ, ದಾಟಿದ. ಬಳೆಗಾರತಿಯ ಕಾಲು ಅಂಚಿನಲ್ಲೇ ತಾನಾಗಿ ನಿಂತಿತು. ಅವನು ಬಿಸಿಲಿನಲ್ಲಿ ನಡೆದ. ಎಡಗೆನ್ನೆಗೆ ಕೈಯಿಟ್ಟು ಗಾಳಿ ನೋಡಿಕೊಂಡ, ನಡೆದ. ಕಾಲಡಿಯ ನೆರಳು ನೋಡಿಕೊಂಡ, ನಡೆದ. ಹುಡುಗನಷ್ಟಾದ, ಕೋಲಿನಷ್ಟಾದ, ಬೆರಳಿನಷ್ಟಾದ. ಬಳೆಗಾರತಿ ಕೈ ಎತ್ತಿ ಬಳೆಗೆ ಕಿವಿಯಿಟ್ಟಳು, ಇನ್ನೇನು ಒಡೆಯುತ್ತವೆ ಅಂತ.

ಅವನು ನಿಂತ.

ತಲೆ ಅತ್ತ ಇತ್ತ ತಿರುಗಿಸಿದ, ಕೇಳಿಸಿಕೊಳ್ಳುವವನ ಹಾಗೆ. ಇನ್ನೂ ನಿಂತೇ ಇದ್ದ. ಹೊತ್ತು ಇಳಿಯಿತು. ಪಂಚೆ ಎತ್ತಿಕೊಂಡ. ಇಳಿಸಿದ. ಮತ್ತೆ ಎತ್ತಿಕೊಂಡ.

ಅವಳು ಮನೆಗೆ ಓಡಿ ಬಂದರೆ ಮಗಳು ಗೋಡೆಗೆ ಮುಖ ಮಾಡಿ ಕೂತಿದ್ದಳು. ಮುಂದಿನದು ಕಲಿಸಿದರೆ ಹೇಳುತ್ತೀಯಾ ಅಂತ ಕೇಳಿದರೆ, ಎಲ್ಲಿ ಬಿಟ್ಟೆ ಅಂತ ಗೊತ್ತಿಲ್ಲ ಅವ್ವ, ಬಯಲಲ್ಲಿ ಗುರುತು ಇಲ್ಲವಲ್ಲ ಅಂದಳು. ಅಷ್ಟೇ. ಅವತ್ತು ಅಟ್ಟ ಹತ್ತಿ ಪುಟ್ಟ ಬಟ್ಟಲು ಹುಡುಕಿ ತಂದು ಅಂಗೈಯಲ್ಲಿ ತೇಲಿಬಿಟ್ಟುಕೊಂಡಳು. ಹುಣ್ಣಿನ ಅಂಗೈ, ನೀರು ಕೆಂಪಾಯಿತು. ತಾಯಿ ತಡೆಯಲಿಲ್ಲ.

ಮರದ ಕೆಳಗೆ ಊಟ ಕೊಡುವ ಕೆಲಸವೂ ಬಳೆಗಾರತಿಗೆ ಮುಗಿಯಿತು. ಇಷ್ಟಾದರೂ ತಟ್ಟೆ ಹಿಡಿದುಕೊಂಡು ಹೋಗುವಳು, ನೆರಳಿನ ಅಂಚಿನಲ್ಲಿ ನಿಲ್ಲುವಳು. ದೂರದಲ್ಲಿ ಬೆರಳಿನಷ್ಟು ಒಂದು ಕಪ್ಪು, ಬಿಸಿಲಿನಲ್ಲಿ ಅಲ್ಲಾಡುವುದು. ಅಲ್ಲಿ ಕೂರಲು ಬೇರಿಲ್ಲ, ಮಾತಿಗೆ ಪಕ್ಕದವರಿಲ್ಲ, ತೊಗಟೆಯಾಗಿ ಸೇರಿಕೊಳ್ಳೋಣ ಅಂದರೆ ಒಂದು ಮರವೂ ಇಲ್ಲ. ಇತ್ತ ಗಾಣಗಿತ್ತಿ ದಿನದ ಹಾಗೆ ಬಂದು ಬರಿ ಗಾಳಿಗೆ ತುತ್ತು ಚಾಚುವಳು. ನನ್ನ ಜೊತೆ ಇದ್ದವನೊಬ್ಬ ಎಲ್ಲಿಗೆ ಹೋದ ತಾಯಿ, ಚೆನ್ನಾಗಿ ಮಾತಾಡುತ್ತಿದ್ದ ಅಂತ ಅವಳ ಗಂಡ ಕೇಳುತ್ತಿದ್ದನಂತೆ. ಅದನ್ನೂ ಒಂದು ದಿನ ಗಾಣಗಿತ್ತಿಯೇ ಹೇಳಿದಳು, ಹೇಳಿ ತಟ್ಟೆ ತೊಳೆದುಕೊಂಡು ಹೋದಳು.

ಬಳೆಗಾರತಿ ಒಣಗಿದಳು. ಬಳೆ ಮೊಣಕೈಗೆ ಜಾರುವಷ್ಟು ಒಣಗಿದಳು. ಕಡೆಗೆ ಒಂದು ಬೆಳಿಗ್ಗೆ ಗಾಣಗಿತ್ತಿಯ ಬಾಗಿಲಿಗೆ ಹೋಗಿ ನಿಂತಳು. ಗಾಣ ತಿರುಗುತ್ತಿತ್ತು. ಬೀದಿಯ ಹೆಂಗಸರು ಎಣ್ಣೆಗೆ ಬಂದವರು ಸಾಲಾಗಿ ನಿಂತಿದ್ದರು, ಎಲ್ಲರೂ ಕೇಳಿಸಿಕೊಂಡರು, ಅದಕ್ಕೇ ಇದು ಇಷ್ಟು ದೂರ ಬಂತು. ಅಕ್ಕಾ, ನನ್ನ ಮಗಳ ಕೈಲಿ ಆಗಲಿಲ್ಲ, ನನಗಾದರೂ ಆ ಬಯಲು ಕಲಿಸಿ, ನಾನೂ ಇನ್ನೆಷ್ಟು ದಿನ, ಸತ್ತ ಮೇಲೆ ಹೋಗಿ ಅವರನ್ನ ಕೈ ಹಿಡಿದು ಕರಕೊಂಡು ಹೋಗ್ತೀನಿ ಅಂದಳು. ಸತ್ತವರಿಗೆ ದಾರಿಯ ನೆನಪು ಇರುವುದಿಲ್ಲ ಅನ್ನುವುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಅಂದಳು, ಸೆರಗು ಒಡ್ಡಿ ಅಂದಳು.

ಗಾಣಗಿತ್ತಿ ಎತ್ತು ನಿಲ್ಲಿಸಿದಳು. ಕೈಗೆ ಮೆತ್ತಿದ್ದ ಎಣ್ಣೆಯನ್ನು ತಲೆಗೆ ಒರೆಸಿಕೊಂಡಳು. ಇವಳ ಮುಖವನ್ನೇ ನೋಡಿ, ಎಲ್ಲರಿಗೂ ಕೇಳುವ ಹಾಗೆ, ದನಿಯೇನೂ ಏರಿಸದೆ ಹೇಳಿದಳು:

"ನಿನಗ್ಯಾಕೆ ಚಿಂತೆ ತಂಗಿ. ನೀನು ಸತ್ತಾಗ ನಿನ್ನ ಮಗಳು ಶುರು ಬಲು ಚೆನ್ನಾಗಿ ಹೇಳ್ತಾಳೆ."